ಸುಣ್ಣದ ಗೆರೆಯ ನೇರಕ್ಕೆ

ಒದ್ದೆ ಸುಣ್ಣದ ವಾಸನೆ ಬಂದರೆ ನಾನು ಈಗಲೂ ಅಲ್ಲೇ ನಿಂತಿರುತ್ತೇನೆ: ಕಲಬುರಗಿಯ ಮೈದಾನದಲ್ಲಿ, ಪಡುವಣ ಗೋಲ್‌ಕಂಬಗಳ ಮುಂದಿನ ಪೆನಾಲ್ಟಿ ಬಾಕ್ಸಿನ ಗೆರೆಗೆ ಸರಿಯಾಗಿ ನೇರಕ್ಕೆ, ಮೈದಾನದ ಅಂಚಿನಿಂದ ಎರಡು ಹೆಜ್ಜೆ ಹೊರಗೆ, ಖಾಲಿ ಸುಣ್ಣದ ಡಬ್ಬಿ ಹಿಡಿದು. ನಾನು ಆಗ ಆರನೇ ತರಗತಿಯ ಹುಡುಗಿ. ದಸರೆ ರಜೆಗೆ ಮುಂಚಿನ ಶನಿವಾರ, ಸಂಜೆ ನಾಲ್ಕು ದಾಟಿತ್ತು. ಅಪ್ಪನ ಶಾಲೆಯ ತಂಡ ಎಲ್ಲಿ ಆಡಿದರೂ ಗೆರೆ ಎಳೆಯುವ ಕೆಲಸ ಅಪ್ಪನ ಪಾಲಿಗೆ ಬರುತ್ತಿತ್ತು, ಅಪ್ಪನಿಂದ ನನ್ನ ಪಾಲಿಗೆ. ಆ ಗೆರೆಯನ್ನು ಬೆಳಿಗ್ಗೆ ನಾನೇ ಎಳೆದಿದ್ದೆ; ಅದು ಎಲ್ಲಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಅಪ್ಪ ಕಲಬುರಗಿಯಲ್ಲಿ ಕಾಲೇಜು ತಂಡಕ್ಕೆ ಫುಟ್‌ಬಾಲ್ ಆಡಿದವರು. ಎಡ ಮೊಣಕಾಲು ಕೆಟ್ಟ ಮೇಲೆ ಕಮಲಾಪುರದ ಹೈಸ್ಕೂಲಿಗೆ ಪಿ.ಟಿ. ಮಾಸ್ತರರಾಗಿ ಬಂದರು. ಹೆದ್ದಾರಿ ಪಕ್ಕದ ನಮ್ಮ ಫರಸಿ ಕಲ್ಲಿನ ಮನೆಯಲ್ಲಿ ಜೋಳದ ಚೀಲದ ಮೇಲೆ ಶಾಲೆಯ ಎರಡು ಚೆಂಡು, ಬಾಗಿಲ ಹಿಂದೆ ಸುಣ್ಣದ ಮೂಟೆ, ಅವ್ವ ರೊಟ್ಟಿ ಬಡಿಯುವ ಸದ್ದು, ಆಟ ಮುಗಿಸಿ ಬರುವ ಹುಡುಗರಿಗೆಂದು ಜಂತಿಗೆ ಕಟ್ಟಿದ ಕೆಂಪು ಬಾಳೆಗೊನೆ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಹೆಡ್‌ಮಾಸ್ತರರೊಡನೆ, ಮೈದಾನದಲ್ಲಿ ತೊಗರಿ ಹರವುವ ಊರಿನೊಡನೆ ಅಪ್ಪ ವರ್ಷವೂ ಜಗಳಾಡಿ, ವರ್ಷವೂ ಸೋತು, ತಾವೇ ತೊಗರಿ ಗುಡಿಸುತ್ತಿದ್ದರು. ಅವರ ತಂಡ ಒಮ್ಮೆಯೂ ಜಿಲ್ಲೆ ದಾಟಿರಲಿಲ್ಲ. ಆ ವರ್ಷ ಹತ್ತನೇ ತರಗತಿಯ ಮಹಬೂಬನ ಕಾಲ್ಚಳಕದಿಂದ ಜಿಲ್ಲೆಯ ಫೈನಲ್ ತಲುಪಿತ್ತು. ಗೆದ್ದು ವಿಭಾಗ ಮಟ್ಟದಲ್ಲಿ ಆಡಿದರೆ ಅವನಿಗೆ ಕ್ರೀಡಾ ಹಾಸ್ಟೆಲಿನ ಸೀಟು ಸಿಗಬಹುದಿತ್ತು.

ಅಂದು ಮೈದಾನದ ಅಂಚಿನಲ್ಲಿ ಬಾವುಟ ಹಿಡಿಯುವ ಲೈನ್‌ಮನ್ ಒಬ್ಬರು ಬರಲಿಲ್ಲ. “ಝಂಡಾ ನೀವೇ ಹಿಡೀರಿ ಮಾಸ್ತರ, ನಿಮ್ಮ ಮ್ಯಾಲ ಭರೋಸಾ ಅದ,” ಎಂದರು ಎದುರು ತಂಡದ ಮಾಸ್ತರರು. ಆಮೇಲೆ ನಗುತ್ತ, “ನಿಮ್ಮ ಹುಡುಗುರಂತ ಕಣ್ಣು ಮುಚ್ಚಬ್ಯಾಡ್ರಿ ಮತ್ತ!” ಅಪ್ಪ ನಗಲಿಲ್ಲ. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯಲು ಬಂದಾಗ ನಮ್ಮವನೊಬ್ಬ ಉದ್ದಕ್ಕೆ ಚೆಂಡು ಒದ್ದ. ಒದ್ದ ಆ ಗಳಿಗೆಯಲ್ಲಿ ಎದುರು ತಂಡದ ಕೊನೆಯ ಡಿಫೆಂಡರ್, ಶರಣಪ್ಪನೆಂಬ ಎತ್ತರದ ಹುಡುಗ, ಆಚೆ ಬದಿಯಲ್ಲಿ ಗೆರೆಯ ಒಳಗಿದ್ದ. ಮಹಬೂಬನ ಎರಡೂ ಕಾಲು ಗೆರೆಯ ಹೊರಗಿದ್ದವು. ಕೊನೆಯ ಡಿಫೆಂಡರನನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಆಫ್‌ಸೈಡ್; ಅವನು ದಾಟಿರಲಿಲ್ಲ. ಅವನು ಓಡಿ ಒದ್ದ, ಬಲೆ ಅಲುಗಿತು. ತಿರುಗಿ ನೋಡಿದರೆ ಅಪ್ಪನ ಝಂಡಾ ಮೇಲಿತ್ತು. ಆಟದ ನೇರಕ್ಕೆ ಓಡಿಬರಲು ಮೊಣಕಾಲು ಬಿಟ್ಟಿರಲಿಲ್ಲ; ನನಗಿಂತ ಹತ್ತು ಹೆಜ್ಜೆ ಹಿಂದೆ, ನಡುಗೆರೆಯ ಕಡೆಗೆ ನಿಂತು ಓರೆಯಾಗಿ ನೋಡಿದ್ದರು. ರೆಫರಿ ಗೋಲು ರದ್ದು ಮಾಡಿದರು. ಟೈಬ್ರೇಕರಿನಲ್ಲಿ ಸೋತೆವು.

ಕಮಲಾಪುರದ ಬಸ್ಸಿನಲ್ಲಿ ಮಹಬೂಬ ಒಮ್ಮೆ ಮಾತ್ರ ಹೇಳಿದ: “ಸರ್, ನಾ ಗೆರಿ ಹೊರಗ ಇದ್ದೆ ರೀ, ಖರೇನೂ.”

“ನನ್ನ ಕಣ್ಣಿಲೆ ನೋಡೀನಿ. ಸುಮ್ಮ ಕೂಡು.”

ಮನೆಯಲ್ಲಿ ಅವ್ವ ಮೊಣಕಾಲಿಗೆ ಉಪ್ಪಿನ ಶಾಖ ಕೊಡುತ್ತಿದ್ದಾಗ ಅಪ್ಪ ನನ್ನನ್ನು ಹತ್ತಿರ ಕರೆದರು. “ಯವ್ವಾ, ಆಗ ನೀ ಎಲ್ಲಿ ನಿಂತಿದ್ದಿ?”

ಅವರ ಮುಖ ನೋಡಿದೆ. “ನೀರು ತರಲಾಕ ಹೋಗಿದ್ದೆ, ಅಪ್ಪಾ.”

ಅವರು ಉಸಿರು ಬಿಟ್ಟರು. ಮತ್ತೆಂದೂ ಕೇಳಲಿಲ್ಲ. ನಾನು ನಿಜ ಹೇಳಿದ್ದರೆ ಅಪ್ಪ ಮರುದಿನವೇ ಬಸ್ಸು ಹತ್ತಿ ಹೋಗಿ, ತಪ್ಪು ತಮ್ಮದೆಂದು ಹಾಸ್ಟೆಲಿನವರಿಗೆ ಬರೆದುಕೊಟ್ಟು, ಹುಡುಗನನ್ನು ಒಮ್ಮೆ ಆಡಿಸಿ ನೋಡಿರೆಂದು ಕೇಳುತ್ತಿದ್ದರು, ಅಂಥ ಮನುಷ್ಯ. ಅದನ್ನು ನೆನೆದಾಗಲೆಲ್ಲ ಹಲ್ಲು ಕಚ್ಚುತ್ತೇನೆ. ಮಹಬೂಬ ಹತ್ತನೆಯದಕ್ಕೇ ಓದು ಬಿಟ್ಟ. ಅಪ್ಪ ನಿವೃತ್ತರಾಗುವವರೆಗೂ ತೊಗರಿ ಗುಡಿಸಿದರು. ಇನ್ನೊಂದು ಫೈನಲ್ ಬರಲಿಲ್ಲ.

ಈಗ ಅಪ್ಪ ಇಲ್ಲ, ಅವ್ವ ಇಲ್ಲ. ರಸ್ತೆ ಅಗಲವಾದಾಗ ಆ ಮನೆಯೂ ಹೋಯಿತು. ಕಳೆದ ತಿಂಗಳು ಕಲಬುರಗಿಯ ಜಗತ್ ಬಡಾವಣೆಯಲ್ಲಿ ಮಹಬೂಬನ ಫ್ಯಾನ್ ರಿಪೇರಿ ಅಂಗಡಿಗೆ ಹೋಗಿ, ನಾನು ಎಲ್ಲಿ ನಿಂತಿದ್ದೆನೆಂದು ಕೊನೆಗೂ ಹೇಳಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. “ಬಿಡು ತಂಗಿ. ಮಾಸ್ತರ ಝಂಡಾ ಎತ್ತ್ಯಾರಂದ್ರ ನಾನೇ ಮುಂದ ಇದ್ದಿರಬೇಕು. ನೀ ಆಗ ಸಣ್ಣಾಕಿ.”

“ಗೆರಿ ನಾನೇ ಎಳದಿದ್ದೆ, ಮಹಬೂಬಣ್ಣಾ.”

“ಚಾ ಕುಡಿ, ಆರತದ,” ಎಂದ.

ಆ ಗಳಿಗೆಯನ್ನು ಸರಿಯಾಗಿ ಕಂಡವರಲ್ಲಿ ಇನ್ನೂ ಬದುಕಿರುವವರೆಂದು ನನಗೆ ಗೊತ್ತಿರುವುದು ಮೂವರು. ನೆಹರು ಗಂಜಿನಲ್ಲಿ ಬೇಳೆ ವ್ಯಾಪಾರ ಮಾಡುವ ಶರಣಪ್ಪ. ಅವನನ್ನು ನಾನಿನ್ನೂ ಕೇಳಿಲ್ಲ. ತಾನು ಕಂಡದ್ದನ್ನು ಅಪ್ಪನಿಗಾಗಿ ಬಿಟ್ಟುಕೊಟ್ಟ ಮಹಬೂಬ. ಮತ್ತೆ ನಾನು.