ಕಾಫಿಯ ಮೇಲೆ ಹೊರಿಸಿದ ತಪ್ಪು

ಯೆಶಾರೆಗ್ ಅಕ್ಕನಿಗೆ ಬುದ್ಧಿ ಹೇಳುವುದೂ ಒಂದೇ, ನಮ್ಮ ಅಂಗಳದ ಗೋಡೆಗೆ ಹೇಳುವುದೂ ಒಂದೇ. ದೆಬ್ರೆ ತಾಬೋರ್ ಊರಿನಲ್ಲಿ ನಮ್ಮಿಬ್ಬರದು ಒಂದೇ ಅಂಗಳದ ಮನೆಗಳು. ನಾನು ಮದುವೆಯಾಗಿ ಬಂದಾಗಿನಿಂದಲೂ ಅವಳ ಹಟ ನೋಡಿಕೊಂಡೇ ಬಂದಿದ್ದೇನೆ.

ಅವಳು ಚಿಕ್ಕವಳಿದ್ದಾಗ ಅವಳ ತಾಯಿ ವಸಡಿಗೆ ಹಚ್ಚೆ ಚುಚ್ಚಿಸಿದ್ದಳು. ದೀಪದ ಮಸಿ ಅದ್ದಿದ ಮುಳ್ಳಿನಿಂದ ಚುಚ್ಚಿ ಚುಚ್ಚಿ ವಸಡೆಲ್ಲ ಕಡುನೀಲಿ. ಆ ನೀಲಿಯ ಮೇಲೆ ಹಲ್ಲು ಬೆಳ್ಳಗೆ ಎದ್ದು ಕಾಣುತ್ತಿತ್ತು. ನಮ್ಮ ಕೇರಿಯ ಮದುವೆಗಳಲ್ಲಿ ಹಾಡು ಎತ್ತಿಕೊಡುವವಳು ಅವಳೇ. ಬಾಯಿ ತುಂಬ ನಕ್ಕು ಮೊದಲ ಸಾಲು ಎತ್ತಿದಳೆಂದರೆ ಸಾಕು, ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತ ಬೀಗಿತಿಯೂ ಎದ್ದು ಕುಣಿಯುತ್ತಿದ್ದಳು. ತಂಗಿಯ ಮಗಳು ಹೈಮಾನೋತ್‌ಳನ್ನು ಎತ್ತಿ ಆಡಿಸಿದ ದಿನದಿಂದಲೂ ಒಂದೇ ಮಾತು: ಇವಳ ಮದುವೆಯಲ್ಲಿ ಹಾಡಿದ ಮೇಲೆಯೇ ನಾನು ಹಾಡು ನಿಲ್ಲಿಸುವುದು.

ಆ ಮದುವೆ ಈಸ್ಟರ್ ಕಳೆದ ಮೇಲೆ ಎಂದು ನಿಶ್ಚಯವಾಯಿತು. ಅದರ ಹಿಂದಿನ ವರ್ಷದಿಂದಲೇ ಅವಳ ಬಾಯಿ ವಾಸನೆ ಹೊಡೆಯಲು ಶುರುವಾಗಿತ್ತು, ಹಲ್ಲು ಕಂದಾಗಿತ್ತು. ಒಂದು ಬೆಳಿಗ್ಗೆ ಅವಳು ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಗಿತ್ತು. ವಸಡಿನಲ್ಲಿ ಏನೋ ಆಗಿದೆ, ಆಸ್ಪತ್ರೆಗೆ ಹೋಗೋಣ ಎಂದೆ. ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ಹಚ್ಚೆ ಹಾಕ್ಸಿರೋ ವಸಡಿಗೆ ರೋಗ ಬರುತ್ತೇನೇ ಬಿರ್ಕೆ? ನಮ್ಮಮ್ಮ ಹಾಕ್ಸಿದ್ದೇ ಅದಕ್ಕೆ. ಇದೆಲ್ಲಾ ಕಾಫಿ ಕೆಲಸ. ಹಲ್ಲಿನ ಬಣ್ಣ ನೋಡು."

ಅಷ್ಟೇ, ಕಾಫಿ ಬಿಟ್ಟಳು. ಬೀಜ ಹುರಿದು, ಹೊಗೆಯನ್ನು ಎಲ್ಲರ ಮೂಗಿನ ಹತ್ತಿರ ಹಿಡಿದು, ಪದ್ಧತಿಯಂತೆ ಮೂರು ಸುತ್ತೂ ಕಾಫಿ ಬಗ್ಗಿಸಿಕೊಡುತ್ತಿದ್ದ ಹೆಂಗಸು ತನ್ನ ಕಾಫಿ ಹೂಜಿಯನ್ನು ಅಟ್ಟಕ್ಕೆ ಹಾಕಿದಳು. ನಾವು ಕಾಫಿಗೆ ಕರೆದರೆ ಬಂದು ಕೂತು, ಗಾಜಿನ ಲೋಟದಲ್ಲಿ ಪಾಯಸದಂಥ ಸಿಹಿ ಟೀ ಕುಡಿಯುತ್ತಿದ್ದಳು. ಅಕ್ಕಪಕ್ಕದ ಜಗಳಗಳೆಲ್ಲ ಬಗೆಹರಿಯುತ್ತಿದ್ದುದು ಅವಳು ಬಗ್ಗಿಸುವ ಮೂರನೆಯ ಸುತ್ತಿನಲ್ಲಿ. ಈಗ ಜಗಳಗಳು ಹಾಗೇ ಉಳಿದವು. ಸಾಲದ್ದಕ್ಕೆ ಕಾಫಿಯ ಕಲೆ ತೆಗೆಯುತ್ತೇನೆಂದು ದಿನಾ ಇದ್ದಿಲ ಪುಡಿ ಹಾಕಿ, ಪಾತ್ರೆ ತಳ ಉಜ್ಜಿದ ಹಾಗೆ ಹಲ್ಲುಜ್ಜಿದಳು. ಕಲೆ ಹೋಯಿತು. ರಕ್ತ ಮಾತ್ರ ನಿಲ್ಲಲಿಲ್ಲ. ಕೇಳಿದರೆ, ಕಾಫಿಯ ನಂಜು ಇಳಿಯುತ್ತಿದೆ ಎಂದಳು. ನನಗೆ ಮೈ ಉರಿದುಹೋಯಿತು. ಬೇರೆಯವರ ವಸಡಾಗಿದ್ದರೆ ಕೆಂಪಗೆ ಊದಿಕೊಂಡದ್ದು ಕಣ್ಣಿಗೆ ಬೀಳುತ್ತಿತ್ತು. ಇವಳ ಬಾಯಿಯಲ್ಲಿ ಹುಡುಕಿದರೂ ನೀಲಿ ಬಿಟ್ಟು ಇನ್ನೊಂದು ಬಣ್ಣವಿಲ್ಲ.

ಮದುವೆ ಇನ್ನೇನು ಹತ್ತಿರ ಬಂತು ಎನ್ನುವಾಗ ಹುರಿದ ಬಾರ್ಲಿ ಅಗಿಯುತ್ತಾ ಕೂತವಳು ಥಟ್ಟನೆ ನಿಲ್ಲಿಸಿದಳು. ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು. ಅವಳು ಹೂಂ ಎನ್ನಲಿ ಉಹೂಂ ಎನ್ನಲಿ, ನಾನು ರಟ್ಟೆ ಹಿಡಿದು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ನಮ್ಮ ಮಗಳ ವಯಸ್ಸಿನ ಹುಡುಗಿ. ತುಟಿ ಎತ್ತಿ, ವಸಡನ್ನು ಬೆರಳಿನಿಂದ ಒತ್ತಿದಳು. ಕೀವು ಬಂತು.

ಅಕ್ಕ ಆಗಲೂ ಬಿಡಲಿಲ್ಲ. ಕಾಫಿ ಬಿಟ್ಟು ಸಿಹಿ ಟೀ ಕುಡಿಯುತ್ತಾ, ಇದ್ದಿಲಲ್ಲಿ ಉಜ್ಜುತ್ತಾ ವರ್ಷವಾಯಿತಲ್ಲ, ಇನ್ನೂ ಯಾಕೆ ಹೀಗೆ ಎಂದು ಕೇಳಿದಳು.

"ಕಾಫಿ ಹಲ್ಲಿಗೆ ಕಲೆ ಮಾಡುತ್ತೆ ಅಮ್ಮಾ, ಹಲ್ಲು ಅಲ್ಲಾಡ್ಸಲ್ಲ. ಅದ್ರಲ್ಲಿ ಸಕ್ಕರೆ ಸುರ್ಕೊಂಡ್ರೆ ಹಲ್ಲು ಹುಳುಕಾಗುತ್ತೆ, ಆ ಸಕ್ಕರೆ ನೀವು ಬಿಟ್ಟೇ ಇಲ್ಲ. ಇದು ವಸಡಿನ ಅಡೀಲಿ ಕಟ್ಟಿರೋ ಕಿಟ್ಟ. ಒಳಗೆ ಮೂಳೆನೇ ಕರಗಿದೆ. ಇದ್ದಿಲು ಉಜ್ಜಿ ಉಜ್ಜಿ ವಸಡು ಬೇರೆ ಸವೆಸಿದ್ದೀರಿ. ಹೋದ ವರ್ಷ ಬಂದಿದ್ರೆ ತೊಳೆದು ಉಳಿಸ್ತಿದ್ದೆ."

ಮಿಕ್ಕ ಹಲ್ಲುಗಳನ್ನು ಉಳಿಸಬಹುದಂತೆ. ಮುಂದಿನ ಎರಡನ್ನು ತೆಗೆಯಲೇಬೇಕಂತೆ. ಕಟ್ಟಿಸಿದ ಹಲ್ಲು ಹಾಕಬೇಕಾದರೆ ಗಾಯ ಪೂರ್ತಿ ಆರಬೇಕು, ಮದುವೆ ಅದಕ್ಕೂ ಮೊದಲೇ. ಅಕ್ಕ ಮನೆಗೆ ಬಂದು ಅಟ್ಟದಿಂದ ಹೂಜಿ ಇಳಿಸಿ ತೊಳೆದಳು. ಆ ದಿನ ಕಾಫಿಯನ್ನು ಸಕ್ಕರೆ ಇಲ್ಲದೆ ಕುಡಿದಳು. ಎಲ್ಲ ಮುಗಿದ ಮೇಲೆ ಬಂದ ಬುದ್ಧಿ ಕಂಡು ನನಗೆ ಸಂತೋಷವೇನೂ ಆಗಲಿಲ್ಲ, ಇನ್ನಷ್ಟು ಸಿಟ್ಟೇ ಬಂತು.

ಮದುವೆಯ ದಿನ ಗಂಡಿನ ಕಡೆಯವರು ಬಾಗಿಲಿಗೆ ಬಂದರು. ಹಾಡಿಲ್ಲದೆ ಅವರನ್ನು ಒಳಗೆ ಬಿಡುವಂತಿಲ್ಲ. ಹೆಂಗಸರೆಲ್ಲ ಅಕ್ಕನ ಕಡೆ ತಿರುಗಿದರು. ಅವಳು ಎದ್ದಳು, ಮೊದಲ ಸಾಲು ಎತ್ತಿದಳು. ಎರಡನೆಯ ಮಾತಿಗೇ, ಕೀಳಿಸಿದ ಹಲ್ಲುಗಳ ಸಂದಿನಿಂದ ದನಿಯ ಜೊತೆ ಗಾಳಿ ಸುಯ್ಯೆಂದು ಹೊರಟಿತು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಬಿಳಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಹೈಮಾನೋತ್ ಒಳಗಿನಿಂದ ದೊಡ್ಡಮ್ಮನನ್ನೇ ನೋಡುತ್ತಿದ್ದಳು.

"ನೀನೇ ಎತ್ತೇ ಬಿರ್ಕೆ," ಎಂದಳು ಅಕ್ಕ, ಸೆರಗಿನ ಹಿಂದಿನಿಂದ. "ನಾನು ಚಪ್ಪಾಳೆ ಹೊಡೀತೀನಿ."

ನನ್ನದು ಒಡಕು ದನಿ, ಕೇರಿಗೆಲ್ಲ ಗೊತ್ತು. ಆದರೂ ಎತ್ತಿದೆ. ಅವಳು ನನ್ನ ಪಕ್ಕದಲ್ಲಿ ತುಟಿ ಬಿಗಿದುಕೊಂಡು ನಿಂತು, ಒಂದೂ ತಾಳ ತಪ್ಪದೆ ಚಪ್ಪಾಳೆ ಹೊಡೆದಳು.