ಜೇಬಿನಲ್ಲಿದ್ದ ಮಾವಿನ ಚೀಟಿ

ಲ್ಯಾಬ್ ಮೇಷ್ಟ್ರ ಬಲಗೆನ್ನೆಯ ಮೇಲೆ ಮಾವಿನ ಸೊನೆ ಸುಟ್ಟ ಕಪ್ಪು ಕಲೆಯಿತ್ತು. ಯೋಚನೆಗೆ ಬಿದ್ದರೆ ಅದನ್ನೇ ಕೆರೆದುಕೊಳ್ಳುತ್ತಿದ್ದರು. ಗೌನಿಪಲ್ಲಿಯ ತೋಟದ ಮನೆಯವರು. ಎರಡು ಬಸ್ಸು ಬದಲಾಯಿಸಿ ಕೋಲಾರದ ನಮ್ಮ ಕಾಲೇಜಿಗೆ ಬಂದು ಇಪ್ಪತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಅಲ್ಲೇ ತಾತ್ಕಾಲಿಕ ಉಪನ್ಯಾಸಕಿ.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ವೈರಸ್ಸಿನ ಕಾಟ ಹೇಳತೀರದು. ಒಂದು ಯಂತ್ರ ಸರಿಮಾಡಿ ತಲೆಯೆತ್ತುವಷ್ಟರಲ್ಲಿ ಇನ್ನೊಂದು ಮಲಗಿರುತ್ತಿತ್ತು. ಅದು ಹರಡುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದ ಬೆಂಗಳೂರಿನ ಸಂಶೋಧಕರು, ಯಾವ ಕಂಪ್ಯೂಟರು ಯಾವಾಗ ಯಾವ ವೆಬ್‌ಸೈಟಿಗೆ ಹೋಯಿತೆಂಬ ದಾಖಲೆ ಕೊಡಿ ಎಂದು ಕೇಳಿದರು. ಮೇಷ್ಟ್ರು ತಿಂಗಳುಗಟ್ಟಲೆ ಕೂಡಿಹಾಕಿದರು. ಆದರೆ ಯಂತ್ರದ ನಂಬರು ಅಳಿಸಿ ಮಾವಿನ ಹೆಸರಿಟ್ಟರು: ಬಾದಾಮಿ, ನೀಲಂ, ತೋತಾಪುರಿ, ಮಲಗೋವಾ. ಯಾವ ಹೆಸರು ಯಾವ ಯಂತ್ರದ್ದು ಎಂಬ ಚೀಟಿ ಅವರ ಜೇಬಿನಲ್ಲಿ ಮಾತ್ರ.

“ರೋಗ ಹೆಂಗೆ ಹರಡ್ತು ಅಂತ ಅವ್ರಿಗೆ ಗೊತ್ತಾಗ್ಬೇಕು, ಸರಿ. ಯಾರು ಏನು ನೋಡಿದ್ರು ಅನ್ನೋದು ಅವ್ರಿಗ್ಯಾಕಮ್ಮಾ?” ಎನ್ನುತ್ತಿದ್ದರು.

ಮಲಗೋವಾ ನಾನು. ಊಟದ ಬಿಡುವಿನಲ್ಲಿ ಮೂಲೆಯ ಆ ಯಂತ್ರದ ಮುಂದೆ ಕೂತು ಮೂರ್ಛೆರೋಗದ ಬಗ್ಗೆ ಓದುತ್ತಿದ್ದೆ. ನನಗೆ ಆ ಕಾಯಿಲೆಯಿದೆಯೆಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಅದು ಮೇಷ್ಟ್ರಿಗೆ ಗೊತ್ತಿತ್ತು.

ದಾಖಲೆ ಕಳಿಸುವ ಮೊದಲು ಆಡಳಿತ ಮಂಡಳಿಯ ಕಾರ್ಯದರ್ಶಿ ಹಾಳೆಗಳನ್ನು ತಿರುವಿದರು. “ಯಾರ್ರೀ ಇದು ಮಲಗೋವಾ? ದಿನಾ ಮೂರ್ಛೆರೋಗದ ಸೈಟು! ಕ್ಲಾಸಲ್ಲಿ ಬಿದ್ರೆ ಯಾರ್ರೀ ಹೊಣೆ? ಹೆಸರು ಹೇಳಿ.”

ನಾನು ಅಲ್ಲೇ ನಿಂತಿದ್ದೆ. ಮೇಷ್ಟ್ರು ಕೆನ್ನೆ ಕೆರೆದುಕೊಂಡರು. “ಚೀಟಿ ಹರಿದಾಕ್ಬಿಟ್ಟೆ ಸಾರ್. ನೆನಪಿಲ್ಲ.”

ತೆಳು ಟೆರಿಲಿನ್ ಅಂಗಿಯ ಜೇಬಿನಲ್ಲಿ ಆ ಮಡಿಸಿದ ಚೀಟಿ ನನಗೆ ಕಾಣುತ್ತಿತ್ತು.

“ಇಪ್ಪತ್ತು ಯಂತ್ರ ನೆನಪಿಲ್ದೋರು ಇಲ್ಲೇನ್ರೀ ಮಾಡ್ತಿದೀರಾ?” ಎಂದರು ಕಾರ್ಯದರ್ಶಿ.

ದಾಖಲೆ ಮಾವಿನ ಹೆಸರಲ್ಲೇ ಬೆಂಗಳೂರಿಗೆ ಹೋಯಿತು. ವರ್ಷದ ಕೊನೆಗೆ ಮೇಷ್ಟ್ರನ್ನು ಕೆಲಸದಿಂದ ಬಿಡಿಸಿದರು, ನನ್ನನ್ನು ಮುಂದುವರಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಥೂ ನನ್ನ ಜನ್ಮಕ್ಕೆ!

ಕೊನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಚೀಟಿಯನ್ನು ನನ್ನ ಕೈಗಿಟ್ಟರು. “ನೀವೇ ಹರಿದಾಕಿ. ನಂಗೆ ತೋಟ ಐತೆ, ಅನ್ನಕ್ಕೇನೂ ತೊಂದ್ರೆ ಇಲ್ಲ. ಮಾತ್ರೆ ಮಾತ್ರ ಬಿಡ್ಬೇಡಿ,” ಎಂದರು. ನಾನು ಏನೋ ಹೇಳಹೋದೆ. “ವಸ್ತಾನಮ್ಮಾ,” ಎಂದು ತಮ್ಮ ಮನೆಮಾತು ತೆಲುಗಿನಲ್ಲೇ ಹೋಗಿಬರುವ ಮಾತು ಹೇಳಿ ಶ್ರೀನಿವಾಸಪುರದ ಬಸ್ಸು ಹತ್ತಿದರು.

ಗೌನಿಪಲ್ಲಿ ಏನು ದೂರವೇ? ಹೋಗಿ ಕ್ಷಮಿಸಿ ಎನ್ನಬೇಕಿತ್ತು. ನಾಳೆ ನಾಳೆ ಎಂದೇ ವರ್ಷಗಳು ಕಳೆದವು. ಅವರು ತೀರಿಕೊಂಡದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಗೊತ್ತಾಗುವ ಹೊತ್ತಿಗೆ ತಿಂಗಳಾಗಿತ್ತು. ಈಗ ಪಾಠ ಮಾಡಿ ಮಾಡಿ ನನಗೂ ಸಾಕಾಗಿದೆ. ಇಷ್ಟು ವರ್ಷ ಉಂಡದ್ದು ಅವರು ಬಿಟ್ಟುಕೊಟ್ಟ ಅನ್ನ.

ಚೀಟಿಯನ್ನು ಹರಿದಿಲ್ಲ. ಮಾತ್ರೆ ಡಬ್ಬಿಯಲ್ಲಿದೆ, ದಿನಾ ಬೆಳಿಗ್ಗೆ ಬೆರಳಿಗೆ ತಾಗುತ್ತದೆ.