ಹೊರಗಿನ ಚಿಲಕ

ನಮ್ಮ ಹೊಳನಗದ್ದೆಯ ಕೇರಿಯಲ್ಲಿ ಒಂದು ಮರ್ಯಾದೆಯಿದೆ. ಯಾರ ಮನೆಯ ಬಾಗಿಲಾದರೂ ತೆರೆದಿದ್ದು ಮೆಟ್ಟಿಲ ಮೇಲೆ ಚಪ್ಪಲಿ ಕಾಣದಿದ್ದರೆ, ಆಚೆಮನೆಯವರು ಒಮ್ಮೆ ಕೂಗಿ ನೋಡಿ, ಉತ್ತರ ಬಾರದಿದ್ದರೆ ನಾಯಿ, ದನ ಒಳನುಗ್ಗದಿರಲೆಂದು ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾರೆ. ಇದನ್ನು ದೊಡ್ಡ ಉಪಕಾರವೆಂದೇ ನಾವು ನಂಬಿದ್ದೇವೆ.

ಇಂಥ ಊರಲ್ಲಿ ಕುಳಿತು ನಾನು ಓದುವುದು ಮಾತ್ರ ಅಪಹರಣದ ಕಾದಂಬರಿಗಳನ್ನು. ಒಂದು ನೆಲಮಾಳಿಗೆ, ಕೂಡಿಹಾಕಿದ ಹುಡುಗಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡ ಗಂಡಸು, ಇಷ್ಟಿದ್ದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ನನಗೆ ತಿಳಿಯದು. ಇದೆಂಥ ವಿಕೃತ ರುಚಿ ಎಂದು ಹುಬ್ಬೇರಿಸಬೇಡಿ, ಮಿತ್ರರೇ. ನನ್ನನ್ನು ಸೆಳೆಯುವುದು ಆ ಹುಡುಗಿಯ ಎಚ್ಚರ. ಹೆಜ್ಜೆಯ ಸಪ್ಪಳದಿಂದಲೇ ಅವನ ಸಿಟ್ಟನ್ನು ಅಳೆಯುವ, ಒಂದು ಸಡಿಲ ಮೊಳೆಯ ಮೇಲೆ ಜೀವದ ಆಸೆಯನ್ನೆಲ್ಲ ಇಡುವ ಅವಳ ಮುಂದೆ, ಅಡಿಗೆ, ಆಫೀಸು, ಬಸ್ಸು ಎಂದು ಚದುರಿಹೋದ ನನ್ನ ದಿನಗಳು ತೀರಾ ಮಂಕು. ಅವಳು ತಪ್ಪಿಸಿಕೊಂಡ ಸಂಜೆ ನನಗೆ ಊಟ ಒಂದು ತುತ್ತು ಹೆಚ್ಚೇ ಸೇರುತ್ತದೆ.

ಕಳೆದ ಮಳೆಗಾಲದಲ್ಲಿ ನಾದಿನಿ ಲತಾ ಬೆಳಕೆ ಊರಿನ ಗಂಡನ ಮನೆಯಿಂದ ಒಂದು ಚೀಲ ಹಿಡಿದು, ಹೊನ್ನಾವರದಲ್ಲಿ ಬಸ್ಸು ಬದಲಿಸಿ ನಮ್ಮಲ್ಲಿಗೆ ಬಂದಳು. ಮತ್ತೆ ಹೋಗುವುದಿಲ್ಲವೆಂದಳು, ಕಾರಣ ಕೇಳಿದರೆ ಬಾಯಿಬಿಡಲಿಲ್ಲ. "ಹೊಂದ್ಕಂಡು ಹೋಗ್ಬೇಕು ಮಗಾ. ಆಯ್ತವಾರ ಅವ್ನು ಕರ್ಕಂಡು ಹೋಗುಕೆ ಬರ್ತಾನೆ, ಸುಮ್ನೆ ಹೋಗು" ಎಂದರು ಅತ್ತೆ.

ಶನಿವಾರ ಮಧ್ಯಾಹ್ನ ಅತ್ತೆ ಕುಮಟೆ ಪೇಟೆಗೆ ಹೋಗಿದ್ದರು. ಕೆಸರಾಗಿದ್ದ ನನ್ನ, ಲತಾಳ ಚಪ್ಪಲಿ ತೊಳೆದು ಬಚ್ಚಲಲ್ಲಿಟ್ಟು, ನಾನು ಅಡಿಗೆಮನೆಯಲ್ಲಿ ಪುಸ್ತಕ ಹಿಡಿದಿದ್ದೆ. ಲತಾ ಕೋಣೆಯಲ್ಲಿ ಮಲಗಿದ್ದಳು. ಹಂಚಿನ ಮೇಲಿನ ಮಳೆಯಲ್ಲಿ ಆಚೆಮನೆಯ ಸುಶೀಲಕ್ಕ ಕೂಗಿದ್ದು ಕೇಳಲಿಲ್ಲ, ಚಿಲಕ ಬಿದ್ದದ್ದು ಕೇಳಿಸಿತು. ಹಿಂಬಾಗಿಲು ಮಳೆಗೆ ಉಬ್ಬಿ ಅಲುಗುತ್ತಿರಲಿಲ್ಲ, ಕಿಟಕಿಗಳಿಗೆಲ್ಲ ಸರಳು. ನನಗೋ ಒಳಗೊಳಗೇ ಹಿಗ್ಗು. ಇಷ್ಟು ದಿನ ಓದಿದ್ದು ಉಪಯೋಗಕ್ಕೆ ಬಂತೆಂದು ದೋಸೆ ಮಗುಚುವ ಸಟ್ಟುಗವನ್ನು ಬಾಗಿಲ ಸಂದಿಗೆ ತೂರಿಸತೊಡಗಿದೆ.

ಅಷ್ಟರಲ್ಲಿ ಲತಾ ಓಡಿಬಂದಳು. ಎರಡೂ ಕೈಗಳಿಂದ ಬಾಗಿಲು ಬಡಿಯುತ್ತಾ, "ತೆಗೀರಿ, ಇನ್ನೊಂದ್ಸಲ ಅಮ್ಮಂಗೆ ಫೋನ್ ಮಾಡುದಿಲ್ಲ, ಯಾರ ಹತ್ರೂ ಹೇಳುದಿಲ್ಲ, ತೆಗೀರಿ" ಎಂದಳು. ಅವಳು ಬೇಡುತ್ತಿದ್ದುದು ಅಲ್ಲಿಲ್ಲದ ಒಬ್ಬನನ್ನು. ಗಂಡ ಕೆಲಸಕ್ಕೆ ಹೋಗುವಾಗಲೆಲ್ಲ ಅವಳನ್ನು ಒಳಗಿಟ್ಟು ಚಿಲಕ ಹಾಕುತ್ತಿದ್ದನೆಂದು ನನ್ನ ಹೆಗಲಿಗೊರಗಿ ಅತ್ತು ಹೇಳಿದಳು. ಕೈಯಲ್ಲಿದ್ದ ಸಟ್ಟುಗ ನೋಡಿ ನನಗೆ ನಾಚಿಕೆಯಾಯಿತು.

ಕಿಟಕಿಯಿಂದ ಕೂಗಿದ್ದಕ್ಕೆ ಸುಶೀಲಕ್ಕ ಕೊಡೆ ಹಿಡಿದು ಓಡಿಬಂದು ಬಾಗಿಲು ತೆಗೆದರು. "ಅಯ್ಯೋ, ಚಪ್ಪಲಿ ಕಾಣ್ಲಿಲ್ಲ ಮಾರಾಯ್ತಿ! ಎಂತ ಆತು, ಈ ಹುಡ್ಗಿ ಎಂತಕ್ಕೆ ನಡುಗ್ತದೆ?"

ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು ದೀಪ ಹಚ್ಚಲು ಎದ್ದರು.

ಆ ಕಾದಂಬರಿಗಳನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅವು ಯಾಕೆ ಹಿತವೆಂಬುದು ಈಗ ನನಗೆ ಖಚಿತ. ಅಲ್ಲಿ ಕೂಡಿಹಾಕಿದವನು ಯಾರೆಂದು ಓದುವವರಿಗೆಲ್ಲ ಗೊತ್ತು. ಹುಡುಗಿ ಬಾಯಿಬಿಡದಿದ್ದರೂ ನಾವು ಅವಳ ಕಡೆಗೇ. ಪುಟದೊಳಗಿನವಳಿಗೆ ಇಷ್ಟು ಧಾರಾಳವಾಗಿ ಕೊಡುವ ನಂಬಿಕೆಯನ್ನು ಮನೆಯ ಮಗಳಿಗೆ ಕೊಡಲು ಮಾತ್ರ ನಾವು ಹಿಂದೆಮುಂದೆ ನೋಡುತ್ತೇವೆ.

ಭಾನುವಾರ ಲತಾಳ ಗಂಡ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು, ಅತ್ತೆಗೆಂದು ಒಂದು ಚಿಪ್ಪು ಬಾಳೆಹಣ್ಣು. "ಅವ್ಳಿಗೆ ಸ್ವಲ್ಪ ಸಿಟ್ಟು ಜಾಸ್ತಿ, ಅಷ್ಟೇ" ಎಂದು ನಕ್ಕ. ನಾನು ಉತ್ತರ ಕೊಡಲು ಬಾಯಿ ತೆರೆದಿದ್ದೆ. ಅತ್ತೆ ಆ ಹಣ್ಣನ್ನು ಅವನ ಮಡಿಲಲ್ಲೇ ಮರಳಿ ಇಟ್ಟು, ಮಗಳ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡರು.

"ನೀನೇ ಹೇಳು ಮಗಾ."

"ನಾ ಬರುದಿಲ್ಲ" ಎಂದಳು ಲತಾ, ಆಚೆಮನೆಗೂ ಕೇಳುವಷ್ಟು ಗಟ್ಟಿಯಾಗಿ.